ಆರನೆಯವನ ಕಾಟ

ಹತ್ತರಲ್ಲಿ ಐದು ಕಳೆದರೆ ಐದು. ಈ ಲೆಕ್ಕ ಕೊನೆಯವರೆಗೂ ಕೆಡದೆ ನಿಲ್ಲುವಂತೆ ಮಾಡಲು ಭೌತವಿಜ್ಞಾನಿಗಳಿಗೆ 1939ರಿಂದ 2011ರವರೆಗೆ, ಅಂದರೆ 72 ವರ್ಷ ಹಿಡಿಯಿತು. ನಡುವಿನ ಮೂರು ದಶಕ ಹೆಚ್ಚಿನವರು ಇದು ಆಗಹೋಗದ ಕೆಲಸವೆಂದು ಕೈತೊಳೆದುಕೊಂಡಿದ್ದರು.

ಶುರುವಾದದ್ದು ಜ್ಯೂರಿಕ್‌ನಲ್ಲಿ. ಮಾರ್ಕುಸ್ ಫಿಯರ್ಟ್ಸ್ ಅಲ್ಲಿ ವೋಲ್ಫ್‌ಗಾಂಗ್ ಪೌಲಿಗೆ ಸಹಾಯಕನಾಗಿದ್ದ. ವಯಸ್ಸು ಇನ್ನೂ ಇಪ್ಪತ್ತಾರು. ಯಾವ ಸ್ಪಿನ್ (ಕಣದ ಹುಟ್ಟು ತಿರುಗುವಿಕೆಯ ಅಳತೆ) ಇರುವ ಕಣಕ್ಕಾದರೂ ಸಾಪೇಕ್ಷತೆಗೆ ಒಪ್ಪುವ ಸಮೀಕರಣ ಬರೆಯಬಹುದೇ ಎಂಬ ಪ್ರಶ್ನೆಯನ್ನು ಡಿರಾಕ್ 1936ರಲ್ಲಿ ಎತ್ತಿದ್ದರು. ಇಲೆಕ್ಟ್ರಾನಿನ ಸ್ಪಿನ್ ಅರ್ಧ, ಬೆಳಕಿನ ಕಣದ್ದು ಒಂದು. ಎರಡು ಸ್ಪಿನ್ ಇರುವ, ಅದೂ ತೂಕವಿರುವ ಕಣವನ್ನು ಆಗ ಯಾರೂ ಕಂಡಿರಲಿಲ್ಲ. ಆದರೂ ಫಿಯರ್ಟ್ಸ್ ಅದರ ಬೆನ್ನು ಹತ್ತಿದ. ಅಧ್ಯಾಪಕ ಹುದ್ದೆಯ ಅರ್ಹತೆಗಾಗಿ ಬರೆದ ಪ್ರಬಂಧವನ್ನು 1939ರಲ್ಲಿ ಪ್ರಕಟಿಸಿ, ಅದೇ ವರ್ಷ ಪೌಲಿಯ ಜೊತೆ ಸೇರಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬರೆದ. ಮುಂದಿನ ಕಥೆಯೆಲ್ಲ ಈ ಎರಡನೆಯ ಲೇಖನದ ಸುತ್ತ ಸುತ್ತುತ್ತದೆ.

ತೊಡಕು ಇಷ್ಟು. ಎರಡು ಸ್ಪಿನ್ನಿನ ಕಣವನ್ನು ಬಣ್ಣಿಸಲು ನಾಲ್ಕು ಸಾಲು, ನಾಲ್ಕು ಕಂಬಗಳ ಒಂದು ಸಮಮಿತ ಕೋಷ್ಟಕ ಬೇಕು. ಅದನ್ನು ಟೆನ್ಸರ್ ಎನ್ನುತ್ತಾರೆ. ಅದರಲ್ಲಿ ಬೇರೆಬೇರೆಯಾದ ಘಟಕಗಳು ಹತ್ತು. ಆದರೆ ನಿಶ್ಚಲವಾಗಿ ನಿಂತ ಇಂಥ ಕಣಕ್ಕೆ ಇರಬೇಕಾದ ಸ್ಥಿತಿಗಳು ಐದೇ. ಉಳಿದ ಐದನ್ನು ಹೊರಗೆ ಹಾಕಬೇಕು. ನಾಲ್ಕನ್ನು ಒಂದು ನಿಬಂಧನೆ ತೆಗೆದುಹಾಕುತ್ತದೆ. ಐದನೆಯದನ್ನು, ಕೋಷ್ಟಕದ ಕರ್ಣದ ಮೊತ್ತ ಸೊನ್ನೆಯಾಗಬೇಕೆಂಬ ಇನ್ನೊಂದು ನಿಬಂಧನೆ ತೆಗೆಯುತ್ತದೆ. ಈ ನಿಬಂಧನೆಗಳನ್ನು ಹೊರಗಿನಿಂದ ಹೇರಿದರೆ ಕಣ ಒಂಟಿಯಾಗಿರುವಾಗ ತೊಂದರೆಯಿಲ್ಲ, ವಿದ್ಯುತ್ಕಾಂತ ಕ್ಷೇತ್ರದೊಳಗೆ ತಂದ ಕೂಡಲೇ ಅವು ಒಂದಕ್ಕೊಂದು ಜಗಳಕ್ಕೆ ನಿಲ್ಲುತ್ತವೆ. ಹಾಗಾಗಿ ಎಲ್ಲವೂ ಒಂದೇ ಮೂಲಸೂತ್ರದಿಂದ, ಒಂದು ಲ್ಯಾಗ್ರಾಂಜಿಯನ್‌ನಿಂದ, ತಾವಾಗಿಯೇ ಹೊರಡಬೇಕೆಂದು ಇಬ್ಬರೂ ಹಟ ಹಿಡಿದರು. ಹಾಗೆ ಬರೆಯುವಾಗ ದ್ರವ್ಯರಾಶಿಯ ಪದದಲ್ಲಿ ಎರಡು ತುಂಡು ಬರುತ್ತವೆ: ಘಟಕಗಳ ವರ್ಗಗಳ ಮೊತ್ತ ಒಂದು, ಕರ್ಣಮೊತ್ತದ ವರ್ಗ ಇನ್ನೊಂದು. ಇವೆರಡರ ನಡುವಿನ ಗುಣಾಂಕ ಸರಿಯಾಗಿ ಋಣ ಒಂದು ಆಗಿದ್ದರೆ ಮಾತ್ರ ಐದು ಉಳಿಯುತ್ತದೆ. ಕೂದಲೆಳೆಯಷ್ಟು ಆಚೀಚೆಯಾದರೂ ಆರನೆಯದು ಜೀವ ತಳೆಯುತ್ತದೆ.

ಆರನೆಯದು ಸುಮ್ಮನೆ ಹೆಚ್ಚುವರಿ ಎಂದಾಗಿದ್ದರೆ ಇರಲಿ ಬಿಡಿ ಎನ್ನಬಹುದಿತ್ತು. ಆದರೆ ಅದರ ಶಕ್ತಿ ಋಣ. ಋಣ ಶಕ್ತಿಯ ಕಣವೊಂದಿದ್ದರೆ ಏನೂ ಇಲ್ಲದ ಶೂನ್ಯದಿಂದಲೇ ಋಣದ್ದೂ ಧನದ್ದೂ ಜೋಡಿಜೋಡಿಯಾಗಿ ಬಿಟ್ಟಿ ಹುಟ್ಟುತ್ತಾ ಹೋಗಬಹುದು, ತಡೆಯುವವರಿಲ್ಲ. ಇಂಥದ್ದಕ್ಕೆ ಭೌತವಿಜ್ಞಾನಿಗಳು ದೆವ್ವ ಎಂದೇ ಹೆಸರಿಟ್ಟಿದ್ದಾರೆ. ಫಿಯರ್ಟ್ಸ್ ಮತ್ತು ಪೌಲಿ ಅದನ್ನು ಒಂದು ಋಣ ಚಿಹ್ನೆಯಿಂದ ಕಟ್ಟಿಹಾಕಿದರು. ದ್ರವ್ಯರಾಶಿಯನ್ನು ಸೊನ್ನೆ ಮಾಡಿದರೆ ತಮ್ಮ ಸಮೀಕರಣ ಐನ್‌ಸ್ಟೈನರ ಗುರುತ್ವದ ದುರ್ಬಲ ರೂಪವೇ ಆಗುತ್ತದೆಂದೂ ಗಮನಿಸಿದರು. 1940ರಲ್ಲಿ ಪೌಲಿ ಯುದ್ಧ ತಪ್ಪಿಸಿಕೊಂಡು ಪ್ರಿನ್ಸ್‌ಟನ್ನಿಗೆ ಹೊರಟುಹೋದರು.

ಅದೇ ಯುದ್ಧ ಇನ್ನೊಬ್ಬರನ್ನು ಬೆಂಗಳೂರಿನಲ್ಲಿ ಉಳಿಸಿತು. ಕೇಂಬ್ರಿಜ್‌ನಿಂದ ರಜೆಗೆಂದು ಬಂದಿದ್ದ ಹೋಮಿ ಭಾಭಾ ಹಿಂದಿರುಗಲಾಗದೆ, ಸಿ. ವಿ. ರಾಮನ್ ಇದ್ದ ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಊರವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟನ್ನು, ಸೇರಿದರು. ಹೆಚ್ಚು ಸ್ಪಿನ್ನಿನ ಕಣಗಳ ಸಮೀಕರಣ ಅವರನ್ನೂ ಹಿಡಿದುಕೊಂಡಿತು. ಆದರೆ ಅವರು ಹೊಕ್ಕ ಬಾಗಿಲು ಬೇರೆ. ನಿಬಂಧನೆಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದೇ ಬೇಡ, ಡಿರಾಕ್ ಇಲೆಕ್ಟ್ರಾನಿಗೆ ಬರೆದ ಹಾಗೆ ಒಂದೇ ಸರಳ ಸಮೀಕರಣ ಸಾಕು ಎಂಬುದು ಅವರ ಪಟ್ಟು. ಅದಕ್ಕೆ ತೆತ್ತ ಬೆಲೆಯೂ ಇತ್ತು. ಒಂದೇ ಸಮೀಕರಣದಿಂದ ಒಂದಕ್ಕಿಂತ ಹೆಚ್ಚು ದ್ರವ್ಯರಾಶಿಗಳು ಹೊರಟವು. ಸ್ಪಿನ್ ಒಂದೂವರೆಯಾದರೆ ಎರಡು, ಒಂದರ ಮೂರು ಪಟ್ಟು ಇನ್ನೊಂದು. 1943ರಲ್ಲಿ ಬೆಂಗಳೂರಿಗೆ ಬಂದು ಭಾಭಾ ಜೊತೆ ಕೂತ ಹರೀಶ್‌ಚಂದ್ರ ಇದೇ ಲೆಕ್ಕಗಳಲ್ಲಿ ಪಳಗಿ, 1945ರಲ್ಲಿ ಕೇಂಬ್ರಿಜ್‌ಗೆ ಡಿರಾಕ್ ಬಳಿ ಹೋದರು. ಮುಂದೆ ಭೌತವಿಜ್ಞಾನವನ್ನೇ ಬಿಟ್ಟು ಶತಮಾನದ ದೊಡ್ಡ ಗಣಿತಜ್ಞರಲ್ಲಿ ಒಬ್ಬರಾದರು.

ಭಾಭಾ ಸಮೀಕರಣದ ಮ್ಯಾಟ್ರಿಕ್ಸ್‌ಗಳು ಯಾವ ಬೀಜಗಣಿತವನ್ನು ಪಾಲಿಸುತ್ತವೆ ಎಂದು ಹುಡುಕಿದವರು ಅದೇ ಊರಿನ ಸೆಂಟ್ರಲ್ ಕಾಲೇಜಿನ ಬಿ. ಎಸ್. ಮಾಧವರಾವ್. ರಾಮನ್ ಕರೆಗೆ ಓಗೊಟ್ಟು ಮ್ಯಾಕ್ಸ್ ಬಾರ್ನ್ 1935–36ರಲ್ಲಿ ಬೆಂಗಳೂರಿನಲ್ಲಿದ್ದಾಗ ಅವರ ಕ್ಷೇತ್ರ ಸಿದ್ಧಾಂತದ ಮೇಲೂ ಮಾಧವರಾವ್ ಕೆಲಸ ಮಾಡಿದ್ದರು. 1946ರಲ್ಲಿ ತಿರುವೆಂಕಟಾಚಾರ್, ಕೆ. ವೆಂಕಟಾಚಲಯ್ಯಂಗಾರ್ ಇವರೊಂದಿಗೆ ಸೇರಿ ರಾಯಲ್ ಸೊಸೈಟಿಯ ಅದೇ ಪತ್ರಿಕೆಯಲ್ಲಿ ಒಂದೂವರೆ ಸ್ಪಿನ್ನಿನ ಬೀಜಗಣಿತವನ್ನು ಬಿಡಿಸಿ ಇಟ್ಟರು. ಭಾಭಾ–ಮಾಧವರಾವ್ ಬೀಜಗಣಿತ ಎಂಬ ಹೆಸರು ತಜ್ಞರ ಬರಹಗಳಲ್ಲಿ ಇಂದಿಗೂ ಇದೆ. ಸೆಂಟ್ರಲ್ ಕಾಲೇಜಿನ ಮುಂದೆ ದಿನಾ ಓಡಾಡುವ ಎಷ್ಟು ಮಂದಿಗೆ ಇದು ಗೊತ್ತಿದೆಯೋ!

ಎರಡು ಸ್ಪಿನ್ನಿನ ನಿಜವಾದ ಕಣ 1962ರಲ್ಲಿ ಸಿಕ್ಕಿತು. ಪಯಾನ್‌ಗಳ ಡಿಕ್ಕಿಯಲ್ಲಿ ಕಾಣಿಸಿಕೊಂಡ ಎಫ್ ಮೆಸಾನ್ ಪ್ರೋಟಾನಿಗಿಂತ ಸುಮಾರು ಮೂರನೇ ಒಂದರಷ್ಟು ಹೆಚ್ಚು ಭಾರ, ಹುಟ್ಟಿದ ಕ್ಷಣದಲ್ಲೇ ಸಾಯುವಂಥದು. 1971ರಲ್ಲಿ ಟ್ರಿಯೆಸ್ಟ್‌ನ ಅಬ್ದುಸ್ ಸಲಾಂ, ಇಶಾಮ್ ಮತ್ತು ಸ್ಟ್ರಾಥ್‌ಡೀ ಇದನ್ನು ಗುರುತ್ವದ ಜೊತೆ ಹೆಣೆದು ಎರಡು ಟೆನ್ಸರ್ ಕ್ಷೇತ್ರಗಳ ಸಿದ್ಧಾಂತವೊಂದನ್ನು ಕಟ್ಟಿದರು. ಅದಕ್ಕೆ ಮುಂಚೆ, 1969ರಲ್ಲಿ, ಪೀಟರ್ ಫ್ರಾಯಿಂಡ್, ಅಮರ್ ಮಹೇಶ್ವರಿ ಮತ್ತು ಶೋನ್‌ಬರ್ಗ್ ಗುರುತ್ವದ ವ್ಯಾಪ್ತಿಗೇ ಒಂದು ಮಿತಿ ಇರುವ ಸಿದ್ಧಾಂತವನ್ನು ಬರೆದಿದ್ದರು. ಬಲವನ್ನು ಹೊತ್ತು ತರುವ ಕಣಕ್ಕೆ ತೂಕ ಬಂದರೆ ಆ ಬಲ ಹೆಚ್ಚು ದೂರ ಹೋಗದು. ಗುರುತ್ವದ ಕಣ ಗ್ರಾವಿಟಾನಿಗೆ ಚೂರೇಚೂರು ತೂಕವಿದ್ದರೆ ಏನಾಗುತ್ತದೆ? ಏನೂ ಆಗದು, ಸೊನ್ನೆಗೂ ಸೊನ್ನೆಯಂಥದಕ್ಕೂ ಯಾರು ವ್ಯತ್ಯಾಸ ಕಂಡಾರು, ಎಂದೇ ಎಲ್ಲರ ನಂಬಿಕೆ. ಬೆಳಕಿನ ಕಣದ ವಿಷಯದಲ್ಲಿ ಅದು ಹಾಗೇ ಇತ್ತು.

1970ರಲ್ಲಿ ಆ ನಂಬಿಕೆ ಮುರಿದುಬಿತ್ತು. ಹೆಂಡ್ರಿಕ್ ವಾನ್ ಡ್ಯಾಮ್ ಮತ್ತು ಮಾರ್ಟಿನಸ್ ವೆಲ್ಟ್‌ಮನ್ ಒಂದು ಕಡೆ, ಸೋವಿಯತ್ ದೇಶದ ಝಖರೋವ್ ಇನ್ನೊಂದು ಕಡೆ, ಒಂದೇ ತೀರ್ಮಾನಕ್ಕೆ ಬಂದರು. ತೂಕವಿಲ್ಲದ ಗ್ರಾವಿಟಾನಿಗೆ ಎರಡು ಸ್ಥಿತಿ, ತೂಕವಿರುವುದಕ್ಕೆ ಐದು. ತೂಕವನ್ನು ಎಷ್ಟೇ ಕಿರಿದಾಗಿಸಿದರೂ ಹೆಚ್ಚಿನ ಮೂರರಲ್ಲಿ ಒಂದು ವಸ್ತುವಿನ ಕೈ ಬಿಡುವುದಿಲ್ಲ, ತನ್ನದೇ ಆಕರ್ಷಣೆಯನ್ನು ಸೇರಿಸುತ್ತದೆ. ಗ್ರಹಗಳ ಚಲನೆ ತಾಳೆಯಾಗಬೇಕಾದರೆ ಗುರುತ್ವದ ಮೂಲ ಬಲವನ್ನು ಮುಕ್ಕಾಲಿಗೆ ಇಳಿಸಬೇಕಾಗುತ್ತದೆ. ಆದರೆ ಬೆಳಕು ಆ ಹೆಚ್ಚುವರಿ ಸ್ಥಿತಿಗೆ ಸಿಕ್ಕುವುದೇ ಇಲ್ಲ, ಏಕೆಂದರೆ ಬೆಳಕಿನ ಶಕ್ತಿಯ ಕೋಷ್ಟಕದ ಕರ್ಣಮೊತ್ತ ಸೊನ್ನೆ. ಆದ್ದರಿಂದ ಸೂರ್ಯನ ಅಂಚಿನಲ್ಲಿ ಬೆಳಕು ಬಾಗುವುದು 1.75 ಆರ್ಕ್‌ಸೆಕೆಂಡ್ ಅಲ್ಲ, ಅದರ ಮುಕ್ಕಾಲು, ಸುಮಾರು 1.31. ಅಳತೆಗಳು 1.75ರ ಪರವಾಗಿದ್ದವು. ಅಂದರೆ ಗ್ರಾವಿಟಾನಿನ ತೂಕ ಅತಿ ಕಡಿಮೆ ಎಂದಲ್ಲ, ಖಡಾಖಂಡಿತ ಸೊನ್ನೆ! ಭೂಮಿಯ ಮೇಲಿನ ಯಾವ ತಕ್ಕಡಿಯೂ ಯಾವುದನ್ನೂ ಖಡಾಖಂಡಿತ ಸೊನ್ನೆ ಎಂದು ತೂಗಲಾರದು. ಇಲ್ಲಿ ಮಾತ್ರ ಒಂದು ಗ್ರಹಣದ ಫೋಟೋ ಆ ಕೆಲಸ ಮಾಡಿಬಿಟ್ಟಿತ್ತು. ನನಗೆ ಇದರಲ್ಲಿ ಮೊದಲಿನಿಂದಲೂ ಏನೋ ಮೋಸ ಇದೆ ಅನ್ನಿಸುತ್ತದೆ, ಆ ಕಾಲದ ಕೆಲವರಿಗೂ ಹಾಗೇ ಅನ್ನಿಸಿತು.

ಅವರಲ್ಲಿ ಒಬ್ಬರು ನೊವೊಸಿಬಿರ್ಸ್ಕ್‌ನ ಅರ್ಕಾಡಿ ವೈನ್‌ಶ್ಟೈನ್. 1972ರ ಅವರ ಲೇಖನ ಚಿಕ್ಕದು, ಮಾತು ಸೂಕ್ಷ್ಮ. ಮುಕ್ಕಾಲಿನ ಲೆಕ್ಕ ಮಾಡಿದ್ದು ಕ್ಷೇತ್ರ ದುರ್ಬಲ ಎಂದು ಭಾವಿಸಿ, ಮೊದಲ ಹೆಜ್ಜೆಗೇ ನಿಲ್ಲಿಸಿ. ಗ್ರಾವಿಟಾನಿನ ತೂಕ ಕಡಿಮೆಯಾದಷ್ಟೂ ಸೂರ್ಯನ ಸುತ್ತ ಆ ಊಹೆ ಕೆಲಸಕ್ಕೆ ಬಾರದ ವಲಯ ದೊಡ್ಡದಾಗುತ್ತಾ ಹೋಗುತ್ತದೆ. ಆ ವಲಯದೊಳಗೆ ಹೆಚ್ಚುವರಿ ಸ್ಥಿತಿ ತನ್ನ ಬಲೆಯಲ್ಲೇ ತಾನು ಸಿಕ್ಕಿಬಿದ್ದು ಮಂಕಾಗುತ್ತದೆ, ಐನ್‌ಸ್ಟೈನರ ಉತ್ತರವೇ ಮರಳಿ ಬರುತ್ತದೆ. ಗ್ರಾವಿಟಾನಿನ ವ್ಯಾಪ್ತಿ ಇಡೀ ಕಾಣುವ ವಿಶ್ವದಷ್ಟಿದ್ದರೆ, ಇಂದಿನ ಸಿದ್ಧಾಂತದ ಪ್ರಕಾರ ಸೂರ್ಯನ ಸುತ್ತ ಈ ವಲಯ ಮುನ್ನೂರು ಜ್ಯೋತಿರ್ವರ್ಷಕ್ಕೂ ಮೀರುತ್ತದೆ. ಬುಧ, ಶುಕ್ರ, ಗ್ರಹಣ ಎಲ್ಲವೂ ಅದರ ಹೊಟ್ಟೆಯೊಳಗೆ.

ವೈನ್‌ಶ್ಟೈನ್ ಹೇಳಿದ್ದು ಹೌದೆಂದು ಪೂರ್ಣ ಲೆಕ್ಕ ಮಾಡಿ ತೋರಿಸಲು 2009–10ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತು ಹೆಚ್ಚಿನವರು ಗಂಭೀರವಾಗಿ ಕೈ ಹಾಕದೇ ಇದ್ದುದಕ್ಕೆ ಕಾರಣ 1972ರದೇ ಇನ್ನೊಂದು ಲೇಖನ. ಡೇವಿಡ್ ಬೌಲ್‌ವೇರ್ ಮತ್ತು ಸ್ಟ್ಯಾನ್ಲಿ ಡೆಸರ್ ಅದಕ್ಕೆ ಪ್ರಶ್ನೆಯನ್ನೇ ತಲೆಬರಹ ಮಾಡಿದ್ದರು: ಗುರುತ್ವಕ್ಕೆ ಸೀಮಿತ ವ್ಯಾಪ್ತಿ ಇರಬಹುದೇ? ಉತ್ತರ, ಇಲ್ಲ. ಡೆಸರ್ ಕೈಯಲ್ಲಿ ಹರಿತವಾದ ಹತಾರ ಇತ್ತು. ಐನ್‌ಸ್ಟೈನರ ಸಿದ್ಧಾಂತವನ್ನು ದೇಶ ಮತ್ತು ಕಾಲ ಎಂದು ಬಿಡಿಸಿ ನೋಡುವ ವಿಧಾನವನ್ನು ಆರ್ನೊವಿಟ್, ಮಿಸ್ನರ್ ಜೊತೆ ಅವರೇ ಕಟ್ಟಿದ್ದರು. ಹತ್ತು ಘಟಕಗಳಲ್ಲಿ ಆರು ನಿಜವಾಗಿ ಓಡಾಡುವವು, ನಾಲ್ಕು ಬರೀ ಕಾವಲುಗಾರರು ಎಂದು ಅದು ತೋರಿಸುತ್ತದೆ. ಫಿಯರ್ಟ್ಸ್–ಪೌಲಿ ಪದದಲ್ಲಿ ಒಬ್ಬ ಕಾವಲುಗಾರ ಇನ್ನೂ ಕೆಲಸದಲ್ಲಿರುತ್ತಾನೆ, ಅವನಿಂದ ಆರು ಐದಾಗುತ್ತದೆ. ಆದರೆ ಆ ಪದವನ್ನು ಪೂರ್ತಿ ಗುರುತ್ವಕ್ಕೆ ಹೊಂದಿಸಿ ಹಿಗ್ಗಿಸಿದರೆ ಅವನ ಅಧಿಕಾರ ಹೋಗುತ್ತದೆ. ಆರನೆಯವನು ಮತ್ತೆ ಒಳಗೆ, ಋಣ ಶಕ್ತಿಯ ಸಮೇತ.

ಬೌಲ್‌ವೇರ್ ಮತ್ತು ಡೆಸರ್ ಪರೀಕ್ಷಿಸಿದ್ದು ಸಾಮಾನ್ಯವಾಗಿ ಬರೆಯಬಹುದಾದ ರೂಪಗಳನ್ನು. ಆ ಮಾತು ಲೋಕದ ಕಿವಿಗೆ ಬಿದ್ದದ್ದು ಮಾತ್ರ ‘ಯಾವ ರೂಪವೂ ಸಾಧ್ಯವಿಲ್ಲ’ ಎಂದು. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ದೊಡ್ಡ ಎಡವಟ್ಟು ಇದೇ. ಯಾರೂ ಸಾಬೀತು ಮಾಡದ ಪ್ರಮೇಯವೊಂದು ಕೇವಲ ಲೇಖಕರ ಗೌರವದ ಬಲದಿಂದ ಮೂರು ದಶಕಕ್ಕೂ ಹೆಚ್ಚು ಬಾಗಿಲು ಕಾಯಿತು.

ಈ ಮೌನದ ನಡುವೆ ಪಕ್ಕದ ಓಣಿಯಲ್ಲಿ ಬೇರೆಯೇ ಕೆಲಸ ನಡೆದಿತ್ತು. 1980ರಲ್ಲಿ ಥಾಮಸ್ ಕರ್ಟ್‌ರೈಟ್ ಮತ್ತು ಅದೇ ಪೀಟರ್ ಫ್ರಾಯಿಂಡ್ ಕೇಳಿದ ಪ್ರಶ್ನೆ: ಎರಡು ಸ್ಪಿನ್ನಿನ ಭಾರದ ಕಣಕ್ಕೆ ಸಮಮಿತ ಟೆನ್ಸರೇ ಏಕೆ ಬೇಕು? ಉತ್ಸವಮೂರ್ತಿಗೆ ಒಂದು ದಿನ ಬೆಣ್ಣೆ ಅಲಂಕಾರ, ಇನ್ನೊಂದು ದಿನ ವೀಳ್ಯದೆಲೆ, ಮೂರ್ತಿ ಅದೇ. ಕಣ ಎಂದರೆ ದ್ರವ್ಯರಾಶಿ ಮತ್ತು ಸ್ಪಿನ್ ಅಷ್ಟೇ, ಅದಕ್ಕೆ ತೊಡಿಸುವ ಕ್ಷೇತ್ರ ನಮ್ಮ ಆಯ್ಕೆ. ಅವರು ಆರಿಸಿದ್ದು ಮೂರು ಸೂಚ್ಯಂಕಗಳ ಕ್ಷೇತ್ರವನ್ನು. ಅದರಲ್ಲಿ ಎರಡು ಸೂಚ್ಯಂಕ ಅದಲುಬದಲು ಮಾಡಿದರೆ ಚಿಹ್ನೆ ತಿರುಗುತ್ತದೆ, ಮೂರೂ ಸೇರಿ ಅರೆಬೆರಕೆ ಸಮಮಿತಿ. ಘಟಕಗಳು ಹತ್ತಲ್ಲ, ಇಪ್ಪತ್ತು. ನಿಬಂಧನೆಗಳನ್ನು ಸರಿಯಾಗಿ ಕಟ್ಟಿದರೆ ಕೊನೆಗೆ ಉಳಿಯುವುದು ಮಾತ್ರ ಅದೇ ಐದು. ವಿದ್ಯುತ್ತಿಗೂ ಕಾಂತತ್ವಕ್ಕೂ ಇರುವ ಕನ್ನಡಿ ಸಂಬಂಧ ಇಲ್ಲಿ ಗುರುತ್ವದ ಅಂಗಳಕ್ಕೆ ಬಂದಂತಾಯಿತು.

ನಿಜವಾದ ಸ್ವಾರಸ್ಯ ದ್ರವ್ಯರಾಶಿಯನ್ನು ಮೊದಲಿನಿಂದಲೇ ಸೊನ್ನೆ ಎಂದು ಇಟ್ಟಾಗ ಕಾಣುತ್ತದೆ. ಹಳೆಯ ವೇಷದಲ್ಲಿ ಐದು ಹೋಗಿ ಎರಡಾಗುತ್ತದೆ, ಅದು ನಮ್ಮ ಪರಿಚಯದ ಗುರುತ್ವ. ಕರ್ಟ್‌ರೈಟರ ಕ್ಷೇತ್ರದಲ್ಲಿ, ನಮ್ಮ ನಾಲ್ಕು ಆಯಾಮಗಳ ಲೋಕದಲ್ಲಿ, ಏನೂ ಉಳಿಯುವುದಿಲ್ಲ! ತೂಕವಿರುವಾಗ ಗುರುತು ಸಿಗದಷ್ಟು ಒಂದೇ ಆಗಿದ್ದ ಇಬ್ಬರು ತೂಕ ಕಳಚಿದೊಡನೆ ಸಂಬಂಧವೇ ಇಲ್ಲದವರಂತೆ ಬೇರೆಯಾಗುತ್ತಾರೆ. ಒಂಟಿಯಾಗಿರುವಷ್ಟು ಹೊತ್ತು ವೇಷ ಯಾವುದಾದರೂ ಸರಿ, ಬೇರೆ ಕಣಗಳೊಡನೆ ಮಾತುಕತೆಗೆ ಇಳಿದಾಗ ಯಾವ ವೇಷ ಎಂಬುದೇ ಮುಖ್ಯವಾಗುತ್ತದೆ. 1985ರಲ್ಲಿ ಕರ್ಟ್‌ರೈಟ್ ಇಂಥ ಕ್ಷೇತ್ರಗಳ ತೂಕವಿಲ್ಲದ ರೂಪವನ್ನು ಸವಿಸ್ತಾರವಾಗಿ ಬರೆದರು. 2000ದ ನಂತರ ಸ್ಟ್ರಿಂಗ್ ಸಿದ್ಧಾಂತದವರು ಹನ್ನೊಂದು ಆಯಾಮಗಳಲ್ಲಿ ಇದೇ ಬಗೆಯ ಕನ್ನಡಿ ಗುರುತ್ವವನ್ನು ಹುಡುಕುತ್ತಾ ಬಂದಾಗ ಆ ಲೇಖನಗಳ ಧೂಳು ಕೊಡವಲಾಯಿತು. 2019ರಲ್ಲಿ ಕರ್ಟ್‌ರೈಟ್ ತಾವೇ ಅದಕ್ಕೆ ಮರಳಿ, ಕ್ಷೇತ್ರವನ್ನು ಅದರದೇ ಶಕ್ತಿಯೊಡನೆ ಬೆಸೆಯುವ ದಾರಿಯನ್ನು ಸಹಲೇಖಕರೊಬ್ಬರ ಜೊತೆ ಪ್ರಕಟಿಸಿದರು.

ಮುಖ್ಯ ಬೀದಿಯಲ್ಲಿ ಮತ್ತೆ ಗದ್ದಲ ಎದ್ದದ್ದು 1998ರ ನಂತರ. ವಿಶ್ವ ವೇಗ ಹೆಚ್ಚಿಸಿಕೊಂಡು ಹಿಗ್ಗುತ್ತಿದೆ ಎಂದು ಸೂಪರ್‌ನೋವಾಗಳು ಹೇಳಿದವು. ಅತಿ ದೂರದಲ್ಲಿ ಗುರುತ್ವ ಸೋರಿಹೋಗುವುದಾದರೆ ಅದಕ್ಕೊಂದು ವಿವರಣೆ ಸಿಕ್ಕೀತು ಎಂಬ ಆಸೆ ಹುಟ್ಟಿತು. 2000ದಲ್ಲಿ ಡ್ವಾಲಿ, ಗಬದಾಜೆ ಮತ್ತು ಪೊರಾಟಿ ಐದನೆಯ ಆಯಾಮದೊಳಕ್ಕೆ ಗುರುತ್ವ ಸೋರುವ ಮಾದರಿ ಕೊಟ್ಟರು. 2003ರಲ್ಲಿ ಅರ್ಕಾನಿ-ಹಮೆದ್, ಜಾರ್ಜೈ ಮತ್ತು ಶ್ವಾರ್ಟ್ಸ್, ಸ್ವಿಸ್ ವಿಜ್ಞಾನಿ ಸ್ಟ್ಯೂಕೆಲ್‌ಬರ್ಗ್ 1938ರಲ್ಲಿ ಬೇರೆ ಸಂದರ್ಭಕ್ಕೆ ಬಳಸಿದ್ದ ಉಪಾಯವನ್ನು ತಂದು, ದೆವ್ವ ಯಾವ ಪದದೊಳಗೆ ಅಡಗಿದೆ ಎಂದು ಬೊಟ್ಟುಮಾಡಿ ತೋರಿಸಿದರು. 2005ರಲ್ಲಿ ಡೆಫಾಯೆ ಮತ್ತು ರೊಂಬೌಟ್ಸ್ ಇನ್ನೊಂದು ವ್ಯಂಗ್ಯವನ್ನು ಬಯಲು ಮಾಡಿದರು. ಹಳೆಯ ಸಿದ್ಧಾಂತದಲ್ಲಿ ಸೂರ್ಯನ ಬಳಿ ಹೆಚ್ಚುವರಿ ಆಕರ್ಷಣೆಯನ್ನು ಅಳಿಸಿ ಮಾನ ಉಳಿಸುತ್ತಿದ್ದುದು ಆ ದೆವ್ವದ ವಿಕರ್ಷಣೆಯೇ. ಅದೇ ವರ್ಷ ಇನ್ನೊಂದು ತಂಡ ಲೆಕ್ಕ ಮುಂದುವರಿಸಿ, ನಾಲ್ಕನೆಯ ಹಂತದಲ್ಲಿ ದೆವ್ವ ತಪ್ಪದು ಎಂದು ಷರಾ ಬರೆಯಿತು.

2010ರಲ್ಲಿ ಜಿನೀವಾದಲ್ಲಿದ್ದ ಕ್ಲಾಡಿಯಾ ಡಿ ರಾಮ್ ಮತ್ತು ನ್ಯೂಯಾರ್ಕಿನ ಗ್ರೆಗರಿ ಗಬದಾಜೆ ಆ ಲೆಕ್ಕವನ್ನು ಮತ್ತೆ ಮಾಡಿದರು. ಷರಾ ನಿಲ್ಲಲಿಲ್ಲ. ಪ್ರತಿ ಹಂತದಲ್ಲೂ ಗುಣಾಂಕಗಳನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಆರಿಸಿದರೆ ಆರನೆಯವನು ತಲೆ ಎತ್ತುವುದಿಲ್ಲ. ಆಮೇಲೆ ಆ್ಯಂಡ್ರೂ ಟಾಲಿ ಜೊತೆಗೂಡಿದರು. ಕೊನೆಯಿಲ್ಲದ ಆ ಪದಗಳ ಸರಣಿಯನ್ನೆಲ್ಲ ಒಟ್ಟು ಮಾಡಿದಾಗ ಹೊರಬಂದದ್ದು ಹೆಚ್ಚಿನವರು ಊಹಿಸಿರದ ವಸ್ತು: ಮ್ಯಾಟ್ರಿಕ್ಸ್ ಒಂದರ ವರ್ಗಮೂಲ. ಬೌಲ್‌ವೇರ್–ಡೆಸರ್ ಪರೀಕ್ಷಿಸಿದ ರೂಪಗಳಲ್ಲಿ ಅದು ಇರಲಿಲ್ಲ. ಗುರುತ್ವಕ್ಕೆ ದ್ರವ್ಯರಾಶಿಯ ಪದ ಸೇರಿಸುವಾಗ ವರ್ಗಮೂಲ ತೆಗೆಯೋಣ ಎಂದು ಮೊದಲೇ ಯಾರಿಗಾದರೂ ಹೊಳೆಯುವುದು ಕಷ್ಟವೇ.

ಆದರೂ ಅವರ ಸಾಧನೆ ಒಂದು ಮಿತಿಯ ಒಳಗಿನದು. ಆ ಮಿತಿಯಾಚೆಗೂ ಕಾವಲುಗಾರ ಕೆಲಸದಲ್ಲಿದ್ದಾನೆಯೇ? ಇದನ್ನು ತೀರ್ಮಾನಿಸಿದವರು ಸ್ಟಾಕ್‌ಹೋಮ್‌ನ ಫವಾದ್ ಹಸನ್ ಮತ್ತು ರೇಚಲ್ ರೋಸೆನ್. 2011ರಲ್ಲಿ ಅವರು ಡೆಸರ್ ಕಟ್ಟಿದ ವಿಧಾನವನ್ನೇ ಬಳಸಿದರು. ಚಲಕಗಳನ್ನು ಜಾಣತನದಿಂದ ಬದಲಾಯಿಸಿದರೆ ವರ್ಗಮೂಲದ ಸಿದ್ಧಾಂತದಲ್ಲಿ ಒಬ್ಬ ಕಾವಲುಗಾರ ಪೂರ್ತಿ ಅಧಿಕಾರದೊಡನೆ ಉಳಿದಿದ್ದಾನೆ, ಅವನ ಬೆನ್ನಿಗೆ ಇನ್ನೊಂದು ನಿಬಂಧನೆಯೂ ತಾನಾಗಿ ಹುಟ್ಟುತ್ತದೆ ಎಂದು ತೋರಿಸಿದರು. ಅಲ್ಲಿಗೆ ಉಳಿದದ್ದು ಐದು. ಗುರುತ್ವದ ಕೋಷ್ಟಕದ ಜೊತೆ ಬರೀ ಹಿನ್ನೆಲೆಯಾಗಿ ನಿಂತಿದ್ದ ಇನ್ನೊಂದು ಕೋಷ್ಟಕಕ್ಕೂ ಜೀವ ಕೊಟ್ಟರೆ ಒಂದು ತೂಕವಿಲ್ಲದ, ಇನ್ನೊಂದು ತೂಕವಿರುವ ಗ್ರಾವಿಟಾನ್ ಜೊತೆಯಾಗಿ ಬಾಳುವ ಸಿದ್ಧಾಂತವೂ ಅವರಿಂದ ಬಂತು. ಸಲಾಂ ತಂಡ 1971ರಲ್ಲಿ ಹುಡುಕಿದ್ದ ಜೋಡಿ ಅದು, ಈ ಸಲ ದೆವ್ವವಿಲ್ಲದೆ.

ಗೆಲುವು ಅಲ್ಲಿಗೇ ಮುಗಿಯಲಿಲ್ಲ, ಪೂರ್ತಿಯೂ ಆಗಲಿಲ್ಲ. ಡಿ ರಾಮ್ ತಂಡದ ಮೂಲ ಸಿದ್ಧಾಂತದಲ್ಲಿ ಎಲ್ಲೆಡೆ ಏಕರೂಪವಾಗಿ ಹರಡಿದ, ಸಮತಲವಾದ ವಿಶ್ವ ಹಿಗ್ಗಲಾರದು ಎಂದು 2011ರಲ್ಲೇ ಗೊತ್ತಾಯಿತು. ವಿಶ್ವದ ಹಿಗ್ಗುವಿಕೆ ವಿವರಿಸಲು ಹೊರಟವರಿಗೆ ಇದು ನುಂಗಲಾರದ ತುತ್ತು. 2013ರಲ್ಲಿ, ಎಂಬತ್ತು ದಾಟಿದ್ದ ಡೆಸರ್ ಆ್ಯಂಡ್ರೂ ವಾಲ್ಡ್‌ರಾನ್ ಜೊತೆ ಮತ್ತೆ ಕಣಕ್ಕಿಳಿದರು. ಐದೇ ಉಳಿದರೂ ಅದರಲ್ಲಿ ಬೆಳಕಿಗಿಂತ ವೇಗವಾಗಿ ಸಂಕೇತ ಹೋಗುತ್ತದೆ, ಕಾರ್ಯ–ಕಾರಣ ಕೆಡುತ್ತದೆ ಎಂಬುದು ಅವರ ಆಕ್ಷೇಪ. ಅಂಥ ಸನ್ನಿವೇಶಗಳು ಈ ಸಿದ್ಧಾಂತ ಅನ್ವಯವಾಗುವ ಎಲ್ಲೆಯ ಆಚೆಗಿನವು ಎಂದು ಇನ್ನೊಂದು ಪಕ್ಷ. ಎಲ್ಲೆ ಹತ್ತಿರದಲ್ಲೇ ಇದೆ: ವಿಶ್ವದಗಲ ವ್ಯಾಪ್ತಿಯ ಗ್ರಾವಿಟಾನಿಗೆ ಸುಮಾರು 1000 ಕಿಲೋಮೀಟರಿಗಿಂತ ಸೂಕ್ಷ್ಮದಲ್ಲಿ ಲೆಕ್ಕವನ್ನು ಹಾಗೆಯೇ ನಂಬುವಂತಿಲ್ಲ. 2023ರಲ್ಲಿ ಡೆಸರ್ ತೀರಿಕೊಂಡರು. ಜಗಳ ತೀರಿಲ್ಲ.

ಅಳತೆಯ ಕಡೆಯಿಂದ 2015ರ ಸೆಪ್ಟೆಂಬರಿನಲ್ಲಿ ಲೈಗೋ ಶೋಧಕ ಹಿಡಿದ ಮೊದಲ ಗುರುತ್ವ ಅಲೆ ಒಂದು ಮಿತಿ ಹಾಕಿತು. ಗ್ರಾವಿಟಾನಿಗೆ ತೂಕವಿದ್ದರೆ ಕಡಿಮೆ ಕಂಪನದ ಅಲೆ ಹಿಂದೆ ಬೀಳಬೇಕು; ಬಿದ್ದಿರಲಿಲ್ಲ. ನಂತರದ ಅಲೆಗಳನ್ನೆಲ್ಲ ಕೂಡಿಸಿ ನೋಡಿದಾಗ ತೂಕ ಕಡಿಮೆಯಾದಷ್ಟೂ ಉದ್ದವಾಗುವ ಗ್ರಾವಿಟಾನಿನ ತರಂಗದೂರ ಹತ್ತು ಜ್ಯೋತಿರ್ವರ್ಷದ ಆಸುಪಾಸಿಗಿಂತ ಕಡಿಮೆ ಇರಲಾರದು ಎಂದಾಯಿತು. ವಿಶ್ವದ ಹಿಗ್ಗುವಿಕೆಗೆ ಬೇಕಾದ ತೂಕ ಈ ಮಿತಿಗಿಂತ ಇನ್ನೂ ಸಾವಿರ ಕೋಟಿ ಪಟ್ಟು ಕೆಳಗಿದೆ. ಈ ದಾರಿಯಲ್ಲಿ ಅಲ್ಲಿಯವರೆಗೆ ಇಳಿಯುವ ತಕ್ಕಡಿ ನಮ್ಮ ಕಾಲಕ್ಕೆ ಬಂದೀತೆಂದು ನನಗೆ ಅನ್ನಿಸುವುದಿಲ್ಲ.

ಈ ಗಣಿತಕ್ಕೆ ಕೆಲಸ ಸಿಕ್ಕಿದ್ದು ಆಕಾಶದಲ್ಲಲ್ಲ, ಅರೆವಾಹಕದ ತೆಳು ಪದರವೊಂದರಲ್ಲಿ. ಗ್ಯಾಲಿಯಂ ಆರ್ಸೆನೈಡ್‌ನೊಳಗೆ ಸಿಕ್ಕಿಸಿ, ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ತಂಪು ಮಾಡಿ, ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟ ಇಲೆಕ್ಟ್ರಾನ್‌ಗಳ ದ್ರವಕ್ಕೆ ಎರಡು ಸ್ಪಿನ್ನಿನ ಒಂದು ಕಂಪನವಿದೆ. ಅದಕ್ಕೂ ಒಂದು ಬಗೆಯ ದ್ರವ್ಯರಾಶಿ ಇದೆ. 2017ರಲ್ಲಿ ಆಂಡ್ರೇ ಗ್ರೊಮೊವ್ ಮತ್ತು ದಾಮ್ ಥಾನ್ ಸೊನ್ ಅದನ್ನು ಎರಡು ಕೋಷ್ಟಕಗಳ ಸಿದ್ಧಾಂತದಿಂದಲೇ ಬಣ್ಣಿಸಿದ್ದರು. 2024ರಲ್ಲಿ ನಾನ್‌ಜಿಂಗ್ ವಿಶ್ವವಿದ್ಯಾಲಯದ ತಂಡ, ಕೊಲಂಬಿಯಾ ವಿಶ್ವವಿದ್ಯಾಲಯದ ದಿವಂಗತ ಆ್ಯರನ್ ಪಿಂಚುಕ್ ಹಾಕಿಕೊಟ್ಟ ದಾರಿಯಲ್ಲಿ, ಅದರ ಕುರುಹನ್ನು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿತು. ಅವರು ಬಳಸಿದ್ದು ವೃತ್ತಧ್ರುವೀಕೃತ ಬೆಳಕಿನ ರಾಮನ್ ಚದುರಿಕೆಯನ್ನು. ಮಾದರಿಯಿಂದ ಚದುರಿ ಬಂದ ಬೆಳಕಿನಲ್ಲಿ ಒಂದೇ ಸುತ್ತಿನ ಕಂಪನ ಕಂಡಿತು, ಎದುರು ಸುತ್ತಿನದು ಕಾಣಲಿಲ್ಲ. ಸಿದ್ಧಾಂತ ಹೇಳಿದ್ದೂ ಅದನ್ನೇ.